ದನಿಗೊಂದು ಸೇರು

ನಮ್ಮ ಮನೆಯ ಅಟ್ಟದ ಮೇಲೆ ಎರಡು ಹಿತ್ತಾಳೆ ಸೇರುಗಳಿವೆ. ಒಂದು ನನ್ನ ತವರಿನದು, ಇನ್ನೊಂದು ಅತ್ತೆಯವರದು. ನೋಡಲು ಎರಡೂ ಒಂದೇ. ಆದರೆ ತವರಿನ ಸೇರಿನ ತುಂಬ ಅಕ್ಕಿ ಅಳೆದು ಅತ್ತೆಯವರ ಸೇರಿಗೆ ಸುರಿದರೆ ಒಂದು ಹಿಡಿ ಅಕ್ಕಿ ಹೊರಗೆ ಉಳಿಯುತ್ತದೆ. ಮದುವೆಯಾದ ಹೊಸದರಲ್ಲಿ ಆ ಒಂದು ಹಿಡಿ ಅಕ್ಕಿ ನನ್ನನ್ನು ತುಂಬ ಗೋಳು ಹೊಯ್ದುಕೊಂಡಿತು. ತವರಿನ ಲೆಕ್ಕದಲ್ಲಿ ನೀರಿಟ್ಟು, ಅತ್ತೆಯವರ ಸೇರಿನಲ್ಲಿ ಅಕ್ಕಿ ಹಾಕಿ, ದಿನವೂ ಅನ್ನವನ್ನು ಗಂಜಿ ಮಾಡುತ್ತಿದ್ದೆ. ಸರ್ಕಾರ 1956ರಲ್ಲೇ ತೂಕ ಮತ್ತು ಅಳತೆಯ ಕಾಯ್ದೆ ತಂದಿತ್ತು, ಅಂಗಡಿಗಳಿಗೆ ಕಿಲೋ, ಲೀಟರು ಬಂದು ಎಷ್ಟೋ ವರ್ಷಗಳಾಗಿದ್ದವು. ಅಡುಗೆಮನೆಯಿಂದ ಮಾತ್ರ ಸೇರು, ಪಾವು ಹೊರಟಿರಲಿಲ್ಲ. ಅತ್ತೆ ನಗುತ್ತಾ, “ಅಕ್ಕಿಯ ತಪ್ಪೂ ಅಲ್ಲ, ನಿನ್ನ ತಪ್ಪೂ ಅಲ್ಲ. ಸೇರು ಬೇರೆ ಅಷ್ಟೇ” ಎನ್ನುತ್ತಿದ್ದರು.

ಆ ಮಾತು ನಲವತ್ತು ವರ್ಷಗಳ ಮೇಲೆ ನನ್ನ ಗಂಟಲಿನ ವಿಷಯದಲ್ಲಿ ನೆನಪಾಗುತ್ತದೆ ಎಂದು ಯಾರು ಎಣಿಸಿದ್ದರು!

ನಾನು ಸಂಗೀತದ ಟೀಚರು. ಹಾಸನದ ನಮ್ಮ ಮನೆಯ ನಡುಮನೆಯಲ್ಲೇ ಮೂವತ್ತೈದು ವರ್ಷ ಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಟ್ಟಿದ್ದೇನೆ. ನನ್ನ ಶ್ರುತಿ ಐದು ಮನೆ. ಮಕ್ಕಳೇ, ಹಾರ್ಮೋನಿಯಂನಲ್ಲಿ ಬಿಳಿ ಮನೆಗಳನ್ನು ಒಂದರಿಂದ ಎಣಿಸಿಕೊಂಡು ಹೋದರೆ ಐದನೆಯದು ನನ್ನ ಷಡ್ಜ. ವಿಜ್ಞಾನದ ಲೆಕ್ಕದಲ್ಲಿ ಅದು 196 ಹರ್ಟ್ಸ್. ಅಂದರೆ ಸೆಕೆಂಡಿಗೆ 196 ಕಂಪನ.

ಏನು ಕಂಪಿಸುತ್ತದೆ? ಗಂಟಲಿನ ಮುಂಭಾಗಕ್ಕೆ ಬೆರಳು ಮುಟ್ಟಿಸಿ “ಮ್‌ಮ್‌ಮ್” ಎನ್ನಿ. ಬೆರಳಿಗೆ ನಡುಕ ತಿಳಿಯುತ್ತದಲ್ಲವೇ? ಒಳಗೆ ಎರಡು ಪುಟ್ಟ ಧ್ವನಿತಂತುಗಳು ಒಂದಕ್ಕೊಂದು ತಾಗಿ ಬಿಡುತ್ತಿವೆ. ದೊಡ್ಡ ಗಂಡಸರಲ್ಲಿ ಅವು ಉದ್ದ ಮತ್ತು ದಪ್ಪ. ಆದ್ದರಿಂದ ನಿಧಾನ, ಮಾತಾಡುವಾಗ ಸೆಕೆಂಡಿಗೆ ಸುಮಾರು 120 ಸಲ. ಹೆಂಗಸರಲ್ಲಿ ಸುಮಾರು 200 ಸಲ. ಚಿಕ್ಕ ಮಕ್ಕಳಲ್ಲಿ 250, 300. ವಯಸ್ಸಾದ ಮೇಲೆ ಒಂದು ತಮಾಷೆ ನಡೆಯುತ್ತದೆ. ಸಾಮಾನ್ಯವಾಗಿ ಅಜ್ಜಿಯರ ದನಿ ಸ್ವಲ್ಪ ತಗ್ಗುತ್ತದೆ, ಅಜ್ಜಂದಿರ ದನಿ ಸ್ವಲ್ಪ ಏರುತ್ತದೆ!

ಎರಡು ವರ್ಷದ ಕೆಳಗೆ ನನ್ನ ಕತ್ತಿನಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು ಎಂದರು. ಆ ಗ್ರಂಥಿಗೆ ತೀರಾ ಹತ್ತಿರದಲ್ಲೇ ಧ್ವನಿಪೆಟ್ಟಿಗೆಗೆ ಹೋಗುವ ನರಗಳಿವೆ. ಹಾಡುವವರಾದ್ದರಿಂದ ಮೊದಲೂ ಆಮೇಲೂ ದನಿಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಮೊದಲಿನದು ನಮ್ಮೂರಿನಲ್ಲೇ ಆಯಿತು. ಕಂಪ್ಯೂಟರಿನ ಮುಂದೆ ಕೂರಿಸಿ “ಆ ಅನ್ನಿ” ಎಂದರು, ಅಂದೆ. ಚೀಟಿಯಲ್ಲಿ 198 ಹರ್ಟ್ಸ್ ಎಂದು ಬಂತು. ಆಪರೇಷನ್ ಬೇರೆ ಊರಿನಲ್ಲಿ ಆಯಿತು. ಮೂರು ವಾರದ ಮೇಲೆ ಅಲ್ಲಿ ಒಂದರಿಂದ ಇಪ್ಪತ್ತು ಎಣಿಸಲು ಹೇಳಿದರು, ಎಣಿಸಿದೆ. ದನಿ ಒಡಕಾಗಿತ್ತು. ಚೀಟಿಯಲ್ಲಿ 92 ಹರ್ಟ್ಸ್ ಎಂದು ಬಂತು.

198 ಎಲ್ಲಿ, 92 ಎಲ್ಲಿ! ನನ್ನ ಮಗ ಮೊಬೈಲಿನಲ್ಲಿ ಹುಡುಕಿ ನೋಡಿ, “ಅಮ್ಮಾ, ಇದು ಗಂಡಸರ ದನಿಗಿಂತಲೂ ಕೆಳಗೆ” ಎಂದ. ಸೊಸೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಮಗ ಆಪರೇಷನ್ ಮಾಡಿದ ಡಾಕ್ಟರ ಮೇಲೆ ಜಗಳಕ್ಕೇ ಹೊರಟ. ನಾನು ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟೆ. ಬೆಳಗ್ಗೆ ಎದ್ದರೆ ಸುಪ್ರಭಾತದ ಹೊತ್ತಿಗೆ ಬಾಯಿ ತೆರೆಯಲೂ ಹೆದರಿಕೆ. ಹಾಡಿದರೆ ಬಾರದು ಎಂಬ ಸತ್ಯ ತಿಳಿದುಬಿಡುತ್ತದಲ್ಲ, ಅದಕ್ಕೆ.

ಜಗಳಕ್ಕೆ ಹೋಗುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಎಂದು ಸೊಸೆಯೇ ಅಂದಳು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಓದಿ ಬಂದ ಒಬ್ಬ ಹುಡುಗಿ ನಮಗೆ ಸಿಕ್ಕಳು. ನನ್ನ ಮಗಳ ವಯಸ್ಸಿಗಿಂತ ಚಿಕ್ಕವಳು. ಎರಡೂ ಚೀಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಮೊದಲು ಕೇಳಿದ್ದು ಇಷ್ಟೇ: “ಅಮ್ಮ, ಮೊದಲನೇ ಸಲ ‘ಆ’ ಅಂದಿರಲ್ಲ, ಹೇಗೆ ಅಂದಿರಿ? ಈಗ ಅಂದು ತೋರಿಸಿ.”

ತೋರಿಸಿದೆ. ಅವಳು ನಕ್ಕಳು. “ಅಮ್ಮ, ನೀವು ಅನ್ನಲಿಲ್ಲ, ಹಾಡಿದಿರಿ!”

ಹೌದಲ್ಲ! ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿ. “ಆ” ಅನ್ನಿ ಎಂದರೆ ತಾನಾಗಿ ಷಡ್ಜಕ್ಕೇ ಹೋಗಿ ಕೂರುತ್ತದೆ. ನನ್ನ ಷಡ್ಜ 196, ಚೀಟಿಯಲ್ಲಿ 198. ತಂಬೂರಿ ಇಲ್ಲದೆ ನೆನಪಿನಲ್ಲೇ ಹಿಡಿದದ್ದಕ್ಕೆ ಪರವಾಗಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ. ಆದರೆ ಅದು ನನ್ನ ಮಾತಿನ ದನಿಯ ಅಳತೆಯೇ ಆಗಿರಲಿಲ್ಲ.

ಇನ್ನು 92ರ ಸಂಗತಿ. ಆ ಹುಡುಗಿ ನನ್ನ ಒಡಕು ದನಿಯನ್ನು ತಾನೂ ರೆಕಾರ್ಡ್ ಮಾಡಿ ಪರದೆಯ ಮೇಲೆ ಅಲೆಗಳನ್ನು ದೊಡ್ಡದು ಮಾಡಿ ತೋರಿಸಿದಳು. ಒಂದು ಎತ್ತರದ ಅಲೆ, ಒಂದು ಗಿಡ್ಡ ಅಲೆ, ಮತ್ತೆ ಎತ್ತರ, ಮತ್ತೆ ಗಿಡ್ಡ. “ಕುಂಟುವವರ ಹೆಜ್ಜೆ ಸಪ್ಪಳ ಕೇಳಿದ್ದೀರಲ್ಲ, ಒಂದು ಜೋರು, ಒಂದು ಮೆಲ್ಲಗೆ. ಜೋರಾದ ಹೆಜ್ಜೆ ಮಾತ್ರ ಎಣಿಸಿದರೆ ಎಷ್ಟಾಗುತ್ತದೆ?” ಎಂದು ಕೇಳಿದಳು. ಅರ್ಧ! ಕಂಪ್ಯೂಟರು ಮಾಡಿದ್ದೂ ಅದನ್ನೇ. ಎರಡು ಅಲೆಗಳನ್ನು ಸೇರಿಸಿ ಒಂದು ಎಂದು ಎಣಿಸಿತ್ತು. 92ರ ಎರಡರಷ್ಟು 184.

“ಅಷ್ಟು ದೊಡ್ಡ ಯಂತ್ರಕ್ಕೆ ಅಷ್ಟೂ ತಿಳಿಯಲ್ವಾ?” ಎಂದ ನನ್ನ ಮಗ. ಅವಳು ವಿವರಿಸಿದಳು. ದನಿ ಅಳೆಯುವ ತಂತ್ರಾಂಶಕ್ಕೆ ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಎಂದು ನಾವೇ ಹೇಳಬೇಕು. ಗಂಡಸರಿಗಾದರೆ 75ರಿಂದ 300, ಹೆಂಗಸರಿಗಾದರೆ 100ರಿಂದ 500 ಎಂದು ಇಟ್ಟುಕೊಳ್ಳುವ ರೂಢಿಯಿದೆ. ಬಹುಶಃ ನನಗಿಂತ ಮೊದಲು ಒಬ್ಬ ಗಂಡಸರ ಪರೀಕ್ಷೆಯಾಗಿರಬೇಕು, ಗುರುತು ಬದಲಿಸುವುದು ಮರೆತುಹೋಗಿರಬೇಕು. 100ರಿಂದ ಹುಡುಕು ಎಂದಿದ್ದರೆ ಅದಕ್ಕೆ 92 ಸಿಗುತ್ತಲೇ ಇರಲಿಲ್ಲ. ಅವಳು ಯಂತ್ರವನ್ನು ಬದಿಗಿಟ್ಟು, ಪರದೆಯ ಮೇಲೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಮಾತ್ರ ಇಟ್ಟುಕೊಂಡು, ಪೆನ್ಸಿಲ್ ತುದಿಯಿಂದ ಅಲೆಗಳನ್ನು ಎಣಿಸಿದಳು. ಹದಿನೆಂಟು. ಹತ್ತರಿಂದ ಗುಣಿಸಿದರೆ 180. ನಾಲ್ಕನೇ ಕ್ಲಾಸಿನ ಮಗುವೂ ಮಾಡಬಹುದಾದ ಲೆಕ್ಕ!

“ಹಾಗಾದರೆ ನನ್ನ ದನಿ ಕೆಟ್ಟಿಲ್ಲವಾ?” ಎಂದು ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ. “ಈ ಎರಡು ಚೀಟಿಯಿಂದ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ. ಒಂದು ಹಾಡಿದ್ದು, ಒಂದು ಎಣಿಸಿದ್ದು. ಅಳೆದವರೂ ಬೇರೆ, ರೀತಿಯೂ ಬೇರೆ.” ಸೇರು ಬೇರೆ ಅಷ್ಟೇ! ನನಗೆ ಅತ್ತೆಯವರೇ ಎದುರು ಕೂತು ಹೇಳಿದಂತಾಯಿತು.

ಆಗ ಸೊಸೆಗೆ ಒಂದು ನೆನಪಾಯಿತು. ಆಪರೇಷನ್ನಿಗೆ ಮೊದಲು ಒಬ್ಬ ಶಿಷ್ಯೆಯ ತಾಯಿ ಪಾಠವನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರು. ಅದರಲ್ಲಿ ಒಂದು ಕಡೆ ತಂಬೂರಿ ನಿಲ್ಲಿಸಿ ನಾನು ಒಂದು ಮಗುವಿಗೆ, “ತಾಳ ಬಿಡಬೇಡ, ಎಷ್ಟು ಸಲ ಹೇಳಬೇಕು ನಿನಗೆ!” ಎಂದು ಗದರಿದ್ದೆ. ಆ ಹುಡುಗಿ ಅದನ್ನು ಅಳೆದಳು. 214. “ಈಗ ಅದೇ ಮಾತನ್ನು ಅಷ್ಟೇ ಕೋಪದಿಂದ ಹೇಳಿ” ಎಂದಳು. ದನಿ ಜೋರಾದರೆ ಶ್ರುತಿಯೂ ಏರುತ್ತದಂತೆ, ಆದ್ದರಿಂದ ಕೋಪವೂ ಸಮ ಇರಬೇಕು! ಮಗನ ಮುಖ ನೋಡಿಕೊಂಡು ಗದರಿದೆ. 210. ಮಾತಿಗೆ ಮಾತು, ಕೋಪಕ್ಕೆ ಕೋಪ. ವ್ಯತ್ಯಾಸ ನಾಲ್ಕೇ. ಮಗ ತಲೆ ತಗ್ಗಿಸಿದ. ಜಗಳ ಅಲ್ಲಿಗೆ ಮುಗಿಯಿತು.

ಆದರೆ ಇನ್ನೊಂದು ಅಳತೆ ಬಾಕಿಯಿತ್ತು. ಕೆಳಗಿನಿಂದ ಮೇಲಕ್ಕೆ ಎಲ್ಲಿಯವರೆಗೆ ಹೋಗಬಲ್ಲಿರಿ ನೋಡೋಣ ಎಂದಳು. ತಾರ ಷಡ್ಜದ ಹತ್ತಿರ ಹೋಗುತ್ತಲೇ ದನಿ ನಿಂತು ಗಾಳಿ ಮಾತ್ರ ಬಂತು. ಧ್ವನಿತಂತುಗಳನ್ನು ಎಳೆದು ಬಿಗಿ ಮಾಡುವ ಒಂದು ಸ್ನಾಯುವಿದೆ, ಅದರ ನರಕ್ಕೆ ಪೆಟ್ಟಾಗಿರಬಹುದು ಎಂದಳು. ನೋಡಿ, ಮನೆಮಂದಿಯೆಲ್ಲ ಅತ್ತಿದ್ದು ಇಲ್ಲದ ಕೇಡಿಗೆ. ಇದ್ದ ಕೇಡನ್ನು ಆ ಎರಡು ಚೀಟಿಗಳೂ ತೋರಿಸಿರಲಿಲ್ಲ. ಅಂದಿನಿಂದಲೇ ಸಾಧನೆ ಶುರುವಾಯಿತು. ಇನ್ನೂ ತಡವಾಗಿದ್ದರೆ ಅಷ್ಟೂ ಕಷ್ಟವಾಗುತ್ತಿತ್ತಂತೆ.

ಇಷ್ಟಾದ ಮೇಲೆ ನನಗೆ ಈ ಅಳತೆಯ ಕಥೆ ತಿಳಿದುಕೊಳ್ಳುವ ಹುಚ್ಚು ಹತ್ತಿತು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ರಬ್ಬರಿಗೆ ಬಡಿದು ಕಿವಿಗೆ ಹಿಡಿಯುವ ಶ್ರುತಿಕವೆ ಇರುತ್ತದಲ್ಲ, ಅದನ್ನು 1711ರಲ್ಲಿ ಜಾನ್ ಶೋರ್ ಎಂಬ ಇಂಗ್ಲೆಂಡಿನ ತುತ್ತೂರಿಗಾರ ಮಾಡಿದ. ಆಗ ಯೂರೋಪಿನಲ್ಲಿ ಊರಿಗೊಂದು ಶ್ರುತಿ. ಒಂದು ಊರಿನ ವಾದ್ಯ ಇನ್ನೊಂದು ಊರಿನಲ್ಲಿ ಕೂಡುತ್ತಿರಲಿಲ್ಲ. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ‘ಎ’ ಎಂಬ ಸ್ವರಕ್ಕೆ 435 ಎಂದು ಗೊತ್ತುಮಾಡಿತು. 1939ರಲ್ಲಿ ಲಂಡನ್ನಿನಲ್ಲಿ ಹಲವು ದೇಶದವರು ಸೇರಿ ಅದನ್ನು 440 ಎಂದರು. ಇವತ್ತಿಗೂ ಅದೇ ನಡೆಯುತ್ತಿದೆ. ನನ್ನ ಐದು ಮನೆಗೆ 196 ಎಂಬ ಅಂಕಿ ಬಂದದ್ದೂ ಆ ಲೆಕ್ಕದಿಂದಲೇ.

ವಾದ್ಯಗಳ ಗಲಾಟೆ ಹಾಗೆ ತೀರಿತು. ಗಂಟಲಿನದು ತೀರುವುದು ಹೇಗೆ? ಎಲ್ಲರೂ ಇಷ್ಟೇ ಶ್ರುತಿಯಲ್ಲಿ ಮಾತಾಡಿ ಎಂದು ಕಾನೂನು ಮಾಡಲಾದೀತೇ? ನಮ್ಮ ಸಂಗೀತದಲ್ಲಂತೂ ಅವರವರ ಗಂಟಲಿಗೆ ಅವರವರ ಷಡ್ಜ. ಆದ್ದರಿಂದ ಗಂಟಲಿಗೆ ಬೇಕಾದ್ದು ಎಲ್ಲರಿಗೂ ಒಂದೇ ಶ್ರುತಿ ಅಲ್ಲ, ಎಲ್ಲರನ್ನೂ ಒಂದೇ ರೀತಿಯಲ್ಲಿ ಅಳೆಯುವ ಕ್ರಮ. ಅಕ್ಕಿ ಯಾವುದಾದರೂ ಇರಲಿ, ಸೇರು ಒಂದೇ ಇರಬೇಕು.

ಅದಕ್ಕಾಗಿ 1994ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ದನಿಯ ವಿಜ್ಞಾನಿಗಳು ಸಭೆ ಸೇರಿದರು. ಇಂಗೋ ಟೀಟ್ಜೆ ಎಂಬ ವಿಜ್ಞಾನಿ ಬರೆದಿಟ್ಟ ಅದರ ಸಾರಾಂಶದಲ್ಲಿ ದನಿಗಳನ್ನು ಮೂರು ಬಗೆ ಮಾಡಿದ್ದಾರೆ. ಅಲೆಗಳು ಒಂದೇ ಸಮ ಬರುವ ದನಿ ಮೊದಲನೆಯದು. ನನ್ನ ಹಾಗೆ ಕುಂಟುವ ದನಿ ಎರಡನೆಯದು. ಅಲೆಗೆ ಕ್ರಮವೇ ಇಲ್ಲದ ದನಿ ಮೂರನೆಯದು. ಮೊದಲನೆಯದನ್ನು ಯಂತ್ರಕ್ಕೆ ಬಿಡಿ, ಎರಡನೆಯದರ ಚಿತ್ರವನ್ನು ಕಣ್ಣಿನಿಂದ ನೋಡಿ, ಮೂರನೆಯದನ್ನು ಕಿವಿಯಿಂದ ಕೇಳಿ ತೀರ್ಮಾನಿಸಿ ಎಂದು ಅದರ ಸಲಹೆ. ಯಂತ್ರ ಕೊಟ್ಟ ಅಂಕಿಯನ್ನೆಲ್ಲ ನಂಬಬೇಡಿ ಎಂದು ಯಂತ್ರ ಬಲ್ಲವರೇ ಹೇಳಿದ್ದು ನನಗೆ ಬಹಳ ಹಿಡಿಸಿತು. 2018ರಲ್ಲಿ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಇನ್ನೂ ವಿವರವಾಗಿ ಬರೆಯಿತು. ಮೈಕು ತುಟಿಯಿಂದ 4ರಿಂದ 10 ಸೆಂಟಿಮೀಟರ್ ದೂರದಲ್ಲಿರಲಿ, ಸುತ್ತ ಸದ್ದಿರದಿರಲಿ, ಸಹಜ ದನಿಯಲ್ಲಿ ಸ್ವರ ಎಳೆಯಲಿ ಎಂದೆಲ್ಲ.

ಈಗ ನನ್ನ ಮೊಮ್ಮಗನ ಕಥೆ. ನಾವೆಲ್ಲ ಅವನನ್ನು ಪುಟ್ಟ ಎನ್ನುತ್ತೇವೆ. ನನ್ನ ಆಪರೇಷನ್ನಿನ ವರ್ಷ ಅವನಿಗೆ ಹದಿಮೂರು, ಎಂಟನೇ ಕ್ಲಾಸು. ಶಾಲೆಯ ಪ್ರಾರ್ಥನೆಯಲ್ಲಿ ನಾಡಗೀತೆಯನ್ನು ಎತ್ತಿಕೊಡುತ್ತಿದ್ದವನು ಅವನೇ. ಜೂನ್ ತಿಂಗಳ ಒಂದು ದಿನ ಮೇಲಿನ ಸ್ವರಕ್ಕೆ ಹೋದಾಗ ದನಿ ಸೀಳಿಹೋಯಿತು. ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲ ನಕ್ಕರು. ಅಂದಿನಿಂದ ಅವನು ಹಾಡುವುದನ್ನೇ ಬಿಟ್ಟ. ಮನೆಯಲ್ಲೂ ‘ಹೂಂ’, ‘ಉಹೂಂ’ ಎರಡೇ ಮಾತು. ಹಾಡಲು ಹೆದರುವವರು ಒಂದೇ ಮನೆಯಲ್ಲಿ ಇಬ್ಬರಾದೆವು.

ಒಂದು ಭಾನುವಾರ ನಾನು ಅವನನ್ನು ಕರೆದು, “ನನಗೊಂದು ಸಹಾಯ ಮಾಡೋ, ನನ್ನ ದನಿ ವಾರವಾರ ಅಳೆಯಬೇಕಂತೆ” ಎಂದೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಎಂಬಿಬ್ಬರು ಮಾಡಿದ ‘ಪ್ರಾಟ್’ ಎಂಬ ತಂತ್ರಾಂಶವಿದೆ. ಡಚ್ ಭಾಷೆಯಲ್ಲಿ ಅದಕ್ಕೆ ಮಾತು ಎಂದರ್ಥ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು. ಪುಟ್ಟ ಅದನ್ನು ಅವರಪ್ಪನ ಲ್ಯಾಪ್‌ಟಾಪಿಗೆ ಹಾಕಿದ. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದ. ನಿಯಮಗಳನ್ನು ಮೊದಲ ಪುಟದಲ್ಲಿ ಅವನೇ ಬರೆದ. ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆ, ತಿಂಡಿಯಾದ ಮೇಲೆ. ಎದ್ದ ಕೂಡಲೇ ಬೇಡ, ಆಗ ದನಿ ತಗ್ಗಿರುತ್ತದೆ. ಫ್ಯಾನು, ಟೀವಿ ಬಂದ್. ಮೈಕಿಗೂ ತುಟಿಗೂ ನಡುವೆ ಸ್ಕೇಲಿಟ್ಟು ಹತ್ತು ಸೆಂಟಿಮೀಟರ್. ‘ಒಂದು, ಎರಡು, ಮೂರು’ ಎಂದು ಎಣಿಸಿ, ಅದೇ ದನಿಯಲ್ಲಿ ಐದು ಸೆಕೆಂಡು ‘ಆ’. ಮೂರು ಸಲ. ಮೂರರಲ್ಲಿ ನಡುವಿನ ಅಂಕಿ ಪುಸ್ತಕಕ್ಕೆ. ಕೊನೆಗೆ ದಪ್ಪ ಅಕ್ಷರದಲ್ಲಿ: ಅಜ್ಜಿ ಹಾಡಕೂಡದು!

ಮೊದಲ ವಾರ ನನ್ನದು 182. “ಯಂತ್ರ ಸರಿ ಇದೆಯೋ ಇಲ್ಲವೋ, ನಿನ್ನದೂ ಹಾಕು ನೋಡೋಣ” ಎಂದೆ. ಅವನದು 236. ಹಾಗೆ ಎರಡು ಗೆರೆ ಶುರುವಾದವು. ನನ್ನದು ನೆಲದ ಮೇಲೆ ಎಳೆದ ರಂಗೋಲಿ ಗೆರೆಯಂತೆ ಹೆಚ್ಚು ಕಡಿಮೆ ನೇರ. ಅವನದು ಮೆಟ್ಟಿಲಿಳಿಯುವಂತೆ ಇಳಿಯಿತು, ನಡುನಡುವೆ ಮತ್ತೆ ಹತ್ತಿತು. ಒಂದು ವಾರ ಮೂರು ಸಲಕ್ಕೆ ಮೂರು ಥರ, 204, 151, 188. ಅವನ ಮುಖ ಸಣ್ಣದಾಯಿತು. “ನಿನ್ನ ಧ್ವನಿತಂತು ಉದ್ದ ಆಗ್ತಾ ಇದೆ ಕಣೋ, ಹೊಸ ಚಪ್ಪಲಿ ಹಾಕಿಕೊಂಡವನು ಎಡವದೆ ಇರ್ತಾನಾ?” ಎಂದೆ. ಇನ್ನೊಂದು ವಾರ ಅವನಿಗೆ ನೆಗಡಿ, ಗಂಟಲು ಕಟ್ಟಿ ಅಲೆಗಳೆಲ್ಲ ಕಲಸುಮೇಲೋಗರ. ಯಂತ್ರ ಏನೋ ಒಂದು ಅಂಕಿ ಕೊಟ್ಟಿತು. ಅವನು ಅದನ್ನು ಬರೆಯಲಿಲ್ಲ. “ಅಜ್ಜಿ, ಇದು ಮೂರನೇ ಬಗೆ” ಎಂದು ಆ ಸಾಲಿನಲ್ಲಿ ‘ಇವತ್ತು ಅಂಕಿ ಇಲ್ಲ’ ಎಂದು ಬರೆದ. ಮೇಷ್ಟ್ರಾಗಿ ನನಗೆ ಅವನ ಬಗ್ಗೆ ಅತಿ ಹೆಮ್ಮೆಯಾದದ್ದು ಆ ದಿನ.

ಇನ್ನೊಂದು ಸಂಗತಿಯನ್ನೂ ಅವನೇ ಕಂಡುಕೊಂಡ. ಹರ್ಟ್ಸ್ ಲೆಕ್ಕದಲ್ಲಿ ಇಪ್ಪತ್ತು ಎಂದರೆ ಎಲ್ಲೆಡೆ ಇಪ್ಪತ್ತೇ, ಕಿವಿಗೆ ಹಾಗಲ್ಲ. 260ರಿಂದ 130ಕ್ಕೆ ಇಳಿದರೆ ಒಂದು ಸ್ಥಾಯಿ, ಅಂದರೆ ನಮ್ಮ ಹನ್ನೆರಡು ಸ್ವರಸ್ಥಾನ. 260ರಿಂದ 240ಕ್ಕೆ ಬಂದರೆ ಒಂದೂವರೆ ಸ್ವರಸ್ಥಾನವೂ ಇಲ್ಲ. ಅದೇ ಇಪ್ಪತ್ತು, 130ರಿಂದ 110ಕ್ಕೆ ಬಂದರೆ ಹತ್ತಿರ ಹತ್ತಿರ ಮೂರು. ಆದ್ದರಿಂದ ತಜ್ಞರು ದನಿಗಳನ್ನು ಹೋಲಿಸುವಾಗ ಸ್ವರಸ್ಥಾನದ ಲೆಕ್ಕವನ್ನೂ ಬಳಸುತ್ತಾರೆ. ಪುಟ್ಟನ ನೋಟ್‌ಬುಕ್ಕಿಗೆ ಅದಕ್ಕೊಂದು ಕಾಲಮ್ ಹೆಚ್ಚಾಯಿತು.

ಡಿಸೆಂಬರಿನ ಒಂದು ಭಾನುವಾರ ಅವನದು 180 ಬಂತು. ನನ್ನದು 181. ಎರಡು ಗೆರೆಗಳೂ ಒಂದನ್ನೊಂದು ಮುಟ್ಟಿದ್ದವು. ಇಬ್ಬರೂ ಪುಸ್ತಕವನ್ನೇ ನೋಡುತ್ತಾ ಕೂತೆವು. ಆಮೇಲೆ ಅವನೇ ಎದ್ದು ಹೋಗಿ ತಂಬೂರಿಯ ಗವಸು ತೆಗೆದ. ಐದು ಮನೆ ನನಗೆ ಆಗದು, ನಾಲ್ಕಕ್ಕೆ ಇಳಿಸಿದೆವು. ಎಂಟು ತಿಂಗಳ ಮೇಲೆ ನಾನು ಹಾಡಿದೆ, ಆರು ತಿಂಗಳ ಮೇಲೆ ಅವನು ಹಾಡಿದ. ಒಬ್ಬರು ಎಡವಿದರೆ ಇನ್ನೊಬ್ಬರು ನಗುವ ಹಾಗಿರಲಿಲ್ಲ, ಇಬ್ಬರೂ ಎಡವುವವರೇ!

ಈಗ ಅವನು 130ರ ಹತ್ತಿರ ನಿಂತಿದ್ದಾನೆ. ಅವನ ಶ್ರುತಿ ಒಂದು ಮನೆ. ನಾಡಗೀತೆಯನ್ನು ಮತ್ತೆ ಎತ್ತಿಕೊಡುತ್ತಾನೆ, ತಗ್ಗಿನಲ್ಲಿ. ನನಗೆ ತಾರ ಷಡ್ಜ ಹಿಂದಿರುಗಿತು, ತಾರ ಪಂಚಮ ಬರಲಿಲ್ಲ. ಇನ್ನು ಬಾರದು ಎಂದು ಆ ಹುಡುಗಿ ನಿಜವನ್ನೇ ಹೇಳಿದ್ದಾಳೆ. ನನ್ನ ಶ್ರುತಿ ನಾಲ್ಕು ಮನೆಯಲ್ಲೇ ಉಳಿಯಿತು. ಸರಿಯಾಗಿ ಅಳೆದು ಹೇಳಿದ ನಷ್ಟವನ್ನು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ. ತಪ್ಪು ಅಳೆದು ಹೇಳಿದ ನಷ್ಟವೇ ನಿದ್ದೆ ಕೆಡಿಸುವುದು.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯ ದನಿಯನ್ನು ಒಮ್ಮೆ ಹಿಡಿದಿಡಿ. ತಾರೀಖು, ಹೊತ್ತು, ಮೈಕಿನ ದೂರ ಬರೆದಿಡಿ. ಪಕ್ಕದಲ್ಲೇ ನಿಮ್ಮ ದನಿಯೂ ಇರಲಿ. ಅಜ್ಜ ಅಜ್ಜಿಯರೇ, ಮಕ್ಕಳು ‘ಆ’ ಅನ್ನಿ ಎಂದರೆ ನಾಚಿಕೆ ಬೇಡ. ಹಾಡದೆ, ಸುಮ್ಮನೆ ಅನ್ನಿ.

ನಾಳೆ ಭಾನುವಾರ. ನಮ್ಮ ನೋಟ್‌ಬುಕ್ಕಿನಲ್ಲಿ ಎಪ್ಪತ್ತೊಂದನೇ ಸಾಲು. ಪುಟ್ಟ ಆಗಲೇ ಸ್ಕೇಲು ಹುಡುಕುತ್ತಿದ್ದಾನೆ.